ಬಿದ್ದವನನ್ನು ಎತ್ತುವ ತಂಡ

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಆ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಪ್ರತಿವರ್ಷ ಮೊದಲ ಸುತ್ತಿನಲ್ಲೇ ಸೋತು ಬರುವುದು. ಬಂದಮೇಲೆ ಅಂಕಣ ಜಾರುತ್ತಿತ್ತು, ರೆಫರಿಗೆ ಕಣ್ಣು ಕಾಣುವುದಿಲ್ಲ, ಎದುರಾಳಿಗಳು ಹುಡುಗರೇ ಅಲ್ಲ, ಲೈಟು ಕಂಬಗಳು ಎಂದು ಕ್ಯಾಂಟೀನಿನಲ್ಲಿ ಕೂತು ಹರಟುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರ ಪಂದ್ಯ ನೋಡಲು ಹುಡುಗಿಯರು ಬರುವ ಮಾತಿರಲಿ, ಕಾಲೇಜಿನ ಕಾವಲುಗಾರ ಕೂಡ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ಹೊಸ ಮೇಷ್ಟ್ರು ಬಂದರು. ಗಿಡ್ಡ ಆಳು, ಕೊರಳಲ್ಲಿ ಸದಾ ಒಂದು ಸೀಟಿ, ಬಾಯಲ್ಲಿ ಸದಾ ಒಂದು ಬೈಗುಳ. ಮೊದಲ ದಿನವೇ ಹುಡುಗರನ್ನು ಸಾಲಾಗಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು.

"ನಿಮ್ಮಲ್ಲಿ ಎತ್ತರ ಇಲ್ಲ, ಓಟ ಇಲ್ಲ, ಗುರಿ ಅಂತೂ ಕೇಳೋದೇ ಬೇಡ. ಒಂದು ಮಾತ್ರ ಚೆನ್ನಾಗಿ ಬರುತ್ತೆ. ಬೀಳೋದು. ಸರಿ, ಅದನ್ನೇ ನೆಟ್ಟಗೆ ಕಲೀರಿ."

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಚೆಂಡು ಹಿಡಿದು ನುಗ್ಗಿ ಬರುವವನ ದಾರಿಗೆ ಅಡ್ಡ ನಿಲ್ಲಬೇಕು, ಕದಲಬಾರದು. ಅವನು ಬಂದು ಗುದ್ದಿದರೆ ತಪ್ಪು ಅವನದು, ಚೆಂಡು ನಮ್ಮದು, ಅವನು ಬುಟ್ಟಿಗೆ ಹಾಕಿದ್ದರೂ ಅದು ಲೆಕ್ಕಕ್ಕಿಲ್ಲ. ಆದರೆ ಗುದ್ದಿದ್ದು ರೆಫರಿಗೆ ಕಾಣಬೇಕಲ್ಲ! ಅದಕ್ಕೇ ಬೀಳಬೇಕು. ಗುದ್ದಿದರೂ ಬೀಳಬೇಕು, ಸವರಿದರೂ ಬೀಳಬೇಕು, ಗಾಳಿ ಬೀಸಿದರೂ ಬೀಳಬೇಕು. ಹಳೇ ಹಾಸಿಗೆಗಳನ್ನು ಹಾಸಿ, ಗದ್ದವನ್ನು ಎದೆಗೆ ಒತ್ತಿ, ಬೆನ್ನು ಬಿಲ್ಲಾಗಿಸಿ, ಧಡ್ ಎಂದು ಸದ್ದು ಬರುವ ಹಾಗೆ ಬೀಳುವುದನ್ನು ಅವರು ಕಲಿಸಿದರು. ಇದು ಆಟವೇ, ಮೋಸವೇ ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ದೊಡ್ಡ ದೊಡ್ಡ ತಂಡಗಳೂ ಹೀಗೇ ಮಾಡುತ್ತವಂತೆ.

ಇನ್ನೊಂದು ಪಾಠವನ್ನೂ ಮೇಷ್ಟ್ರು ಕಲಿಸಿದರು. ನಮ್ಮವನು ಬಿದ್ದ ಅಂದರೆ ಉಳಿದ ನಾಲ್ವರೂ ಎಲ್ಲಿದ್ದರೂ ಓಡಿ ಬಂದು ಅವನನ್ನು ಎಬ್ಬಿಸಬೇಕು. "ಬಿದ್ದೋನ್ನ ನೆಲದ ಮೇಲೆ ಬಿಡೋನು ನನ್ನ ತಂಡದೋನಲ್ಲ," ಎನ್ನುತ್ತಿದ್ದರು. ಈ ಮಾತು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗುತ್ತಿತ್ತು. ಅವರ ಕಾಲದಲ್ಲಿ ಅವರನ್ನು ಯಾರೋ ಬಿಟ್ಟು ಹೋಗಿದ್ದರೋ ಏನೋ, ಕೇಳುವ ಧೈರ್ಯ ಯಾರಿಗಿತ್ತು? ನೋಡುವವರಿಗೆ ಅದು ಚೆಂದ ಕಾಣುತ್ತಿತ್ತು. ಒಬ್ಬ ಬೀಳುವುದು, ನಾಲ್ವರು ಓಡುವುದು, ಕೈ, ಹೆಗಲು ಹಿಡಿದು ಒಂದೇ ಎಳೆತಕ್ಕೆ ನಿಲ್ಲಿಸುವುದು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ತಂಡದ ನಾಯಕನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವನ ಒಡಹುಟ್ಟಿದ ತಮ್ಮನೂ ಅದೇ ತಂಡದಲ್ಲಿದ್ದ. ತಮ್ಮ ಕರೆಯುವುದನ್ನು ಕೇಳಿ ಕೇಳಿ ಮಿಕ್ಕವರ ಬಾಯಿಗೂ ಅದೇ ಬಂದಿತ್ತು. ಅಣ್ಣ ಕೊನೇ ವರ್ಷದವನು, ಗಂಭೀರ, ಮಾತು ಕಡಿಮೆ. ತಮ್ಮ ಆಗಷ್ಟೇ ಕಾಲೇಜಿಗೆ ಸೇರಿದವನು, ಬಾಯಿಬಡುಕ, ಮಹಾ ಕಿಲಾಡಿ. ಹಾಸಿಗೆಯ ಮೇಲೆ ಅವನು ಮೊದಲ ಸಲ ಬಿದ್ದಾಗಲೇ ಮೇಷ್ಟ್ರು ಸೀಟಿ ಊದುವುದನ್ನು ಮರೆತು ನಿಂತರು. ಅಬ್ಬಾ, ಅದೇನು ಬೀಳುವಿಕೆ! ಕಣ್ಣು ಮೇಲೆ, ಬಾಯಿ ತೆರೆದು, ಕೈ ಎರಡೂ ಗಾಳಿಯಲ್ಲಿ. ಬಿದ್ದಮೇಲೆ ಕಣ್ಣಂಚಿನಲ್ಲಿ ಒಂದು ಹನಿ ನೀರು ಬೇರೆ. ಅಂದಿನಿಂದ ಅವನ ಹೆಸರು ಜಾರುಬಂಡೆ ಎಂದಾಯಿತು.

ಅಣ್ಣ ತಮ್ಮಂದಿರ ನಡುವೆ ಒಂದು ಗುಟ್ಟಿತ್ತು. ಬಿದ್ದ ತಮ್ಮನ ಕೈಗಳನ್ನು ಅಣ್ಣನೇ ಹಿಡಿಯುತ್ತಿದ್ದ, ಮಿಕ್ಕವರು ಹೆಗಲು, ಸೊಂಟ. ಹಿಡಿದ ಕೂಡಲೇ ತಮ್ಮ ಹೆಬ್ಬೆರಳಿನಿಂದ ಅಣ್ಣನ ಅಂಗೈಯನ್ನು ಒಂದು ಸಲ ಒತ್ತುತ್ತಿದ್ದ. ಏನೂ ಆಗಿಲ್ಲ, ಎಳಿ, ಎಂದು ಅದರ ಅರ್ಥ. ಅದೊಂದು ಒತ್ತು ಸಿಗುವತನಕ ಅಣ್ಣನ ಜೀವ ಬಾಯಿಗೆ ಬಂದಿರುತ್ತಿತ್ತು. ಸಿಕ್ಕಮೇಲೆ ನಗು ತಡೆಯಲು ತುಟಿ ಕಚ್ಚಬೇಕಾಗುತ್ತಿತ್ತು.

ತಂಡ ಗೆಲ್ಲತೊಡಗಿತು. ಸುಳ್ಳಲ್ಲ, ಗೆಲ್ಲತೊಡಗಿತು! ಮೊದಲ ಸುತ್ತು, ಎರಡನೇ ಸುತ್ತು, ಕ್ವಾರ್ಟರ್ ಫೈನಲ್. ಎದುರಾಳಿಗಳು ನುಗ್ಗಲು ಹೆದರಿದರು. ಹೆದರಿದವನ ಕೈಯಿಂದ ಚೆಂಡು ಕಸಿಯುವುದು ಎಷ್ಟರ ಕೆಲಸ? ತಂಡದ ಎತ್ತರದ ಹುಡುಗ ಒಬ್ಬನಿದ್ದ, ಏಣಿ ಎಂದು ಕರೆಯುತ್ತಿದ್ದರು. ಬುಟ್ಟಿಗೆ ಹಾಕುವುದು ಅವನ ಕೆಲಸ, ಬೀಳುವುದು ಜಾರುಬಂಡೆಯ ಕೆಲಸ, ಎತ್ತುವುದು ಎಲ್ಲರ ಕೆಲಸ.

ಅಣ್ಣ ತಮ್ಮಂದಿರ ಅಪ್ಪನದು ಕ್ಷೌರದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಮಕ್ಕಳು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಇಬ್ಬರನ್ನೂ ಅಪ್ಪನೇ ಆ ಕುರ್ಚಿಯ ಪಕ್ಕದಲ್ಲಿ ಸಾಕಿದ್ದ. ಒಂದು ಕಣ್ಣು ಗಿರಾಕಿಯ ಕೆನ್ನೆಯ ಮೇಲೆ, ಇನ್ನೊಂದು ಕಣ್ಣು ಮಕ್ಕಳ ಮೇಲೆ. ಈಗ ಅವನ ಸಂಭ್ರಮ ಹೇಳತೀರದು. ಕೂತ ಗಿರಾಕಿಗಳಿಗೆಲ್ಲ ಪಂದ್ಯದ ವರದಿ. ಕೆನ್ನೆಗೆ ನೊರೆ ಹಚ್ಚಿದ ಮೇಲೆ ಯಾರು ತಾನೇ ಎದ್ದು ಹೋಗುತ್ತಾರೆ?

"ನಮ್ಮ ಚಿಕ್ಕೋನು ಬಿದ್ದ ಅಂದ್ರೆ ಮುಗೀತು ನೋಡಿ," ಎನ್ನುತ್ತಿದ್ದ. "ದೊಡ್ಡೋನು ಎತ್ತಿದ ಅಂದ್ರೆ ಗೆದ್ದಂಗೆ. ಒಬ್ಬ ಬೀಳೋಕೆ, ಒಬ್ಬ ಎತ್ತೋಕೆ. ನಂಗಿನ್ನೇನು ಬೇಕು ಹೇಳಿ?"

ಕಣ್ಣು ಬಿದ್ದರೂ ಬೀಳಬಹುದು, ಇಂಥ ಮಾತು ಆಡಬಾರದು. ಆದರೆ ಅಪ್ಪಂದಿರ ಬಾಯಿಗೆ ಬೀಗ ಹಾಕಿದವರಿದ್ದಾರೆಯೇ?

ಸೆಮಿಫೈನಲ್ ಬಂತು. ಎದುರಿಗಿದ್ದದ್ದು ಬಲವಾದ ಕಾಲೇಜು. ಅವರಲ್ಲಿ ಆರನೇ ನಂಬರಿನ ಹುಡುಗನೊಬ್ಬ, ಉದ್ದ ಕಾಲು, ಹಾವಿನಂತೆ ಜಾರಿ ಹೋಗುವವನು. ಇನ್ನೇನು ಆಟ ಮುಗಿಯುವ ಹೊತ್ತು, ಅವರೇ ಒಂದು ಅಂಕ ಮುಂದೆ. ಆರನೇ ನಂಬರಿನವನು ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗಿದ. ತಮ್ಮ ಅಡ್ಡ ನಿಂತ. ಅಣ್ಣ ಪಕ್ಕದಲ್ಲೇ ಇದ್ದ, ಎಲ್ಲವನ್ನೂ ಕಣ್ಣಾರೆ ನೋಡಿದ. ಆರನೇ ನಂಬರಿನವನು ಕೊನೇ ಗಳಿಗೆಯಲ್ಲಿ ಸೊಂಟ ತಿರುಗಿಸಿ ಪಕ್ಕಕ್ಕೆ ಸರಿದುಬಿಟ್ಟಿದ್ದ. ಬಟ್ಟೆಗೆ ಬಟ್ಟೆ ತಾಕಿತೋ ಇಲ್ಲವೋ, ಅಷ್ಟೆ. ಆದರೂ ತಮ್ಮ ಬಿದ್ದ. ಎಂದಿಗಿಂತ ಜೋರಾಗಿ, ಎಂದಿಗಿಂತ ಚೆಂದವಾಗಿ ಹಿಂದಕ್ಕೆ ಹಾರಿ ಬಿದ್ದು, ಬೆವರು ಚೆಲ್ಲಿದ್ದ ನೆಲದ ಮೇಲೆ ಜಾರಿಕೊಂಡು ಹೋದ. ಬುಟ್ಟಿ ನಿಲ್ಲಿಸಿದ ಕಬ್ಬಿಣದ ಕಂಬದ ಬುಡಕ್ಕೆ ಅವನ ಕತ್ತು ತಗಲಿತು.

ರೆಫರಿ ಸೀಟಿ ಊದಿದ. ಆರನೇ ನಂಬರಿನವನ ತಪ್ಪು! ಅವನು ಹಾಕಿದ ಬುಟ್ಟಿ ಹೋಯಿತು, ಚೆಂಡು ನಮ್ಮದು. ಇಡೀ ಕಾಲೇಜು ಎದ್ದು ಕುಣಿಯಿತು. ನಾಲ್ವರೂ ಓಡಿದರು. ಅಣ್ಣ ಮೊದಲು ಮುಟ್ಟಿದ. ತಮ್ಮನ ಬಲಗಾಲು ಮೆಲ್ಲಗೆ ಆಡುತ್ತಿತ್ತು, ಬೂಟಿನ ಹಿಮ್ಮಡಿ ನೆಲಕ್ಕೆ ಉಜ್ಜಿ ಕೀಚ್ ಕೀಚ್ ಎನ್ನುತ್ತಿತ್ತು. ಅಣ್ಣ ಎರಡೂ ಕೈ ಹಿಡಿದ. ಹೆಬ್ಬೆರಳು ಒತ್ತಲಿಲ್ಲ.

"ಬೇಡ ಕಣೋ," ಎಂದ ತಮ್ಮ. ಉಸಿರಿನಷ್ಟು ಮೆಲ್ಲಗೆ.

ಅಣ್ಣನಿಗೆ ಕೇಳಿಸಿತು. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಅವನಿಗೆ ಕೇಳಿಸಿತು. ಆದರೆ ಕಣ್ಣಂಚಿನಲ್ಲಿ ಅದೇ ಹನಿ, ಬಾಯಿ ಅದೇ ಥರ ತೆರೆದಿದೆ. ಇವತ್ತು ಮಾತು ಬೇರೆ ಸೇರಿಸಿದ್ದಾನೆ ಬಡ್ಡಿಮಗ, ಎಂದುಕೊಂಡ. ಬೆನ್ನ ಹಿಂದೆ ಮೇಷ್ಟ್ರು "ಎತ್ರೋ, ಎತ್ರೋ!" ಎಂದು ಕೂಗುತ್ತಿದ್ದರು. ನಾಲ್ವರೂ ಸೇರಿ ಒಂದೇ ಎಳೆತಕ್ಕೆ ಎತ್ತಿದರು. ತಮ್ಮನ ತಲೆ ಹಿಂದಕ್ಕೆ ವಾಲಿ ಮತ್ತೆ ಮುಂದಕ್ಕೆ ಬಿತ್ತು. ಕೀಚ್ ಎನ್ನುವ ಸದ್ದು ನಿಂತುಹೋಯಿತು.

ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಹೊತ್ತುಕೊಂಡು ಬೆಂಚಿಗೆ ತಂದರು, ಬೂಟಿನ ತುದಿ ನೆಲಕ್ಕೆ ಎಳೆದುಕೊಂಡು ಬಂತು. "ಕಾಲು ಗೊತ್ತಾಗ್ತಿಲ್ಲ ಸಾರ್," ಎಂದ ತಮ್ಮ. ಮೇಷ್ಟ್ರು ಅವನ ಮೇಲೆ ಟವೆಲ್ ಹಾಕಿ, "ಜೋಮು ಹಿಡಿದಿರುತ್ತೆ, ಹೋಗುತ್ತೆ, ಮಲಕ್ಕೋ," ಎಂದರು. ಅಣ್ಣನ ಬೆನ್ನಿಗೆ ಒಂದು ಗುದ್ದಿ ಒಳಗೆ ಅಟ್ಟಿದರು. ಅಣ್ಣ ಹೋಗಿ ಆಡಿದ. ಚೆಂಡು ಅವನ ಕೈಗೇ ಬಂತು, ಎಸೆದ, ಬುಟ್ಟಿಗೆ ಬಿತ್ತು, ಗೆದ್ದರು. ಜನ ಒಳಗೆ ನುಗ್ಗಿ ಅವನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಅಷ್ಟು ಎತ್ತರದಿಂದ ಅವನು ತಮ್ಮನನ್ನು ನೋಡಿದ. ಬೆಂಚಿನ ಮೇಲೆ ಮಲಗಿದ್ದ ತಮ್ಮ ಸೂರು ನೋಡುತ್ತಿದ್ದ. ಆಗ ಅಣ್ಣನಿಗೆ ಗೊತ್ತಾಯಿತು. ಇಳಿಸಿ, ಇಳಿಸಿ ಎಂದು ಕಿರುಚಿದ. ಯಾರಿಗೆ ಕೇಳಬೇಕು?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ಹೊರಗೆ ಬಂದು ಮೊದಲು ಕೇಳಿದ ಪ್ರಶ್ನೆ, "ಬಿದ್ದಮೇಲೆ ಯಾರಾದರೂ ಎತ್ತಿದ್ರಾ?"

"ಇಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು. ಒಂದು ಕ್ಷಣವೂ ತಡ ಮಾಡಲಿಲ್ಲ. "ಹಾಗೇ ಸ್ಟ್ರೆಚರ್ ಮೇಲೆ ತಂದ್ವಿ."

ಅಪ್ಪ ಅಲ್ಲೇ ಇದ್ದ. ಅಂಗಡಿಯಿಂದ ಓಡಿ ಬಂದವನ ಹೆಗಲ ಮೇಲೆ ಯಾರದೋ ಕೂದಲು ಇನ್ನೂ ಅಂಟಿತ್ತು. ಅಣ್ಣ ಆ ಕೂದಲನ್ನೇ ನೋಡುತ್ತ ನಿಂತ. ಕತ್ತಿನ ಮೂಳೆ ಮುರಿದು ಒಳಗಿನ ನರ ಜಜ್ಜಿದೆ, ಕೈಗಳು ಸ್ವಲ್ಪ ಉಳಿಯಬಹುದು, ಕಾಲು ಇನ್ನು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಳು. ಅಪ್ಪ ಅರ್ಥವಾಗದವನ ಹಾಗೆ, "ಎಷ್ಟು ದಿನ ಬರಲ್ಲ?" ಎಂದು ಕೇಳಿದ.

ಆಮೇಲೆ ಮೇಷ್ಟ್ರು ಅಣ್ಣನನ್ನು ಆಸ್ಪತ್ರೆಯ ಮೆಟ್ಟಿಲ ಮೂಲೆಗೆ ಕರೆದುಕೊಂಡು ಹೋದರು.

"ಬಿದ್ದಾಗಲೇ ಆಗಿರುತ್ತೆ ಕಣಯ್ಯಾ. ಎತ್ತಿದ್ದಕ್ಕೆ ಆಗಿರಲ್ಲ."

"ಎತ್ತೋ ಮುಂಚೆ ಕಾಲು ಆಡ್ತಿತ್ತು ಸಾರ್. ನಾನೇ ನೋಡಿದೆ."

ಮೇಷ್ಟ್ರು ಕೊರಳಿನ ಸೀಟಿ ಕಳಚಿ ಜೇಬಿಗೆ ಹಾಕಿಕೊಂಡರು. "ಇದನ್ನ ಬಾಯಿ ಬಿಟ್ಟರೆ ನಾನು ಹೋದೆ, ಹೋಗಲಿ, ಹಾಳಾಗಿ ಹೋಗಲಿ. ನಿಮ್ಮಪ್ಪನ ಕತೆ ಏನು? ಒಬ್ಬ ಮಗ ಆಗಲೇ ಹಾಸಿಗೆ ಹಿಡಿದ. ಇನ್ನೊಬ್ಬ ಮಗನ ಮುಖ ಅವನು ಹೆಂಗೆ ನೋಡಬೇಕು ಹೇಳು."

ಈ ಮಾತು ಅಣ್ಣನ ಬಾಯಿ ಕಟ್ಟಿತು. ಸುಳ್ಳು ಹೇಳೆಂದು ಅವನಿಗೆ ಯಾರೂ ಹೇಳಲಿಲ್ಲ ನೋಡಿ, ಸುಮ್ಮನಿರು ಅಂದರು ಅಷ್ಟೆ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದ ಗುಣ.

ಎತ್ತಿದ್ದನ್ನು ಕಂಡವರು ನೂರಾರು ಜನ, ಆದರೆ ಪ್ರತಿ ಪಂದ್ಯದಲ್ಲೂ ಅದನ್ನೇ ನೋಡಿದ್ದ ಅವರಿಗೆ ಅದರಲ್ಲಿ ತಪ್ಪೇನೂ ಹೊಳೆಯಲಿಲ್ಲ. ಯಾರ ಮೇಲಾದರೂ ಹೊರೆ ಹೊರಿಸಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೇಷ್ಟ್ರು ದೂರು ಕೊಟ್ಟರು, ಪಂದ್ಯದ ಸಮಿತಿಯವರು ಕೂತು ವಿಚಾರಿಸಿದರು, ರೆಫರಿ ತಾನು ಊದಿದ ಸೀಟಿಗೆ ಬದ್ಧನಾಗಿ ನಿಂತ. ಆರನೇ ನಂಬರಿನವನು ಬೇಕೆಂದೇ ಗುದ್ದಿ ಬೀಳಿಸಿದ ಎಂದು ತೀರ್ಮಾನವಾಗಿ ಅವನನ್ನು ಆಟದಿಂದ ಹೊರಗೆ ಹಾಕಿದರು. ಅವನ ಕಾಲೇಜಿನ ಗೋಡೆಯ ಮೇಲೆ ಯಾರೋ ಅವನ ಹೆಸರಿನ ಮುಂದೆ ಕೊಲೆಗಡುಕ ಎಂದು ಬರೆದರಂತೆ.

ಫೈನಲ್‌ಗೆ ಜಾರುಬಂಡೆ ಇಲ್ಲ. ಅವನಿಗಾಗಿ ಗೆಲ್ಲಬೇಕು ಎಂದು ಎಲ್ಲರೂ ತೋಳಿಗೆ ಪಟ್ಟಿ ಕಟ್ಟಿಕೊಂಡು ಇಳಿದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿಯೊಬ್ಬ ನಿಜವಾಗಿಯೇ ಡಿಕ್ಕಿ ಹೊಡೆದು ಏಣಿ ಬಿದ್ದ. ಅಣ್ಣ ಅಭ್ಯಾಸಬಲದಿಂದ ಓಡಿದವನು ನಡುವೆ ನಿಂತುಬಿಟ್ಟ. ಉಳಿದವರೂ ನಿಂತರು. ನಾಲ್ವರೂ ದೂರದಲ್ಲಿ ನಿಂತು, ಕೈ ಕಟ್ಟಿಕೊಂಡು, ಬಿದ್ದವನನ್ನು ನೋಡಿದರು. ಏಣಿ ಕೈ ಚಾಚಿದ. ಯಾರೂ ಹಿಡಿಯಲಿಲ್ಲ. ಮೇಷ್ಟ್ರೂ ಕೂಗಲಿಲ್ಲ. ಕೊನೆಗೆ ಅವನೇ ಮೊಣಕಾಲೂರಿ ಎದ್ದು, ಯಾರ ಮುಖವನ್ನೂ ನೋಡದೆ ತನ್ನ ಜಾಗಕ್ಕೆ ಹೋದ. ಆ ಪಂದ್ಯವನ್ನು ಅವರು ಎಷ್ಟು ಹೀನಾಯವಾಗಿ ಸೋತರೆಂದರೆ ಎದುರಿನವರಿಗೇ ಮುಜುಗರವಾಯಿತು. ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಮೇಷ್ಟ್ರು ರಾಜೀನಾಮೆ ಕೊಟ್ಟು ಎಲ್ಲಿಗೋ ಹೋದರು.

ತಮ್ಮನನ್ನು ಮನೆಗೆ ತಂದರು. ಕಿಟಕಿ ಪಕ್ಕದಲ್ಲಿ ಮಂಚ. ಬೆನ್ನು ಹುಣ್ಣಾಗಬಾರದೆಂದು ಆಗಾಗ ಮಗ್ಗುಲು ಬದಲಿಸಬೇಕು. ಒಬ್ಬರು ತಲೆ ಹಿಡಿಯಬೇಕು, ಒಬ್ಬರು ಸೊಂಟ. ತಲೆ ಹಿಡಿಯುತ್ತಿದ್ದವನು ಅಪ್ಪ. ಜೀವಮಾನವೆಲ್ಲ ಜನರ ತಲೆ ಹಿಡಿದ ಕೈ, ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ತಮ್ಮ ಮೊದಲಿನ ಹಾಗೇ ಹರಟುತ್ತಿದ್ದ. "ನಾನು ಎಷ್ಟು ಚೆನ್ನಾಗಿ ಬಿದ್ದೆ ಅಂದ್ರೆ ಇನ್ನೂ ಎದ್ದಿಲ್ಲ ನೋಡಿ," ಎಂದು ನೋಡಲು ಬಂದವರನ್ನು ನಗಿಸುತ್ತಿದ್ದ. ಅವರು ನಕ್ಕು, ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಅಣ್ಣ ಮತ್ತು ಅವನ ನಡುವೆ ಆ ದಿನದ ಮಾತು ಬರಲೇ ಇಲ್ಲ. ನಾನು ಬೇಡ ಅಂದೆನಲ್ಲ ಎಂದು ತಮ್ಮ ಎಂದಾದರೂ ಕೇಳುತ್ತಾನೆ ಎಂದು ಅಣ್ಣ ಪ್ರತಿದಿನ ಕಾಯುತ್ತಿದ್ದ. ತಮ್ಮ ಕೇಳಲಿಲ್ಲ.

ಅಪ್ಪನ ಬಾಯಲ್ಲಿ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಆರನೇ ನಂಬರಿನವನೇ. ಮೊದಲು ಗೆಲುವಿನ ವರದಿ ಕೇಳುತ್ತಿದ್ದ ಗಿರಾಕಿಗಳು ಈಗ ಶಾಪ ಕೇಳಿಸಿಕೊಂಡು ಗಡ್ಡ ಹೆರೆಸಿಕೊಳ್ಳುತ್ತಿದ್ದರು.

ಒಂದು ದಿನ ಅಣ್ಣ ಔಷಧಿ ತೆಗೆದುಕೊಂಡು ಅಂಗಡಿಯೊಳಗೆ ಬಂದ. ಕುರ್ಚಿಯಲ್ಲಿ ಒಬ್ಬ ಕೂತಿದ್ದ. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ನೊರೆ. ಅಪ್ಪ ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತ ಮಾತಾಡುತ್ತಿದ್ದ.

"...ಬೇಕಂತಲೇ ಗುದ್ದಿದ್ದು ಅವನು. ನಮ್ಮ ಹುಡುಗ ಏನು ಮಾಡಿದ್ದ ಅವನಿಗೆ? ಸುಮ್ಮನೆ ನಿಂತಿದ್ದ. ನಿನ್ನ ವಯಸ್ಸೇ ಇರಬೇಕು ಅವನಿಗೂ. ತಲೆ ಸ್ವಲ್ಪ ಮೇಲೆತ್ತಪ್ಪಾ. ಅವನೇನಾದ್ರೂ ಈ ಕುರ್ಚೀಲಿ ಬಂದು ಕೂತ್ಕೊಂಡ್ರೆ..."

ಅಪ್ಪ ಅವನ ಗದ್ದವನ್ನು ಎತ್ತಿ ಹಿಡಿದ. ಆಗ ಕನ್ನಡಿಯಲ್ಲಿ ಅಣ್ಣ ಆ ಮುಖ ನೋಡಿದ. ಆರನೇ ನಂಬರಿನವನು. ಅವನೂ ಕನ್ನಡಿಯಲ್ಲೇ ಅಣ್ಣನನ್ನು ನೋಡಿದ. ಕತ್ತಿನ ಮೇಲೆ ಕತ್ತಿ ಮೆಲ್ಲಗೆ ಸರಿಯುತ್ತಿತ್ತು. ಅಪ್ಪನಿಗೆ ಅವನ ಗುರುತೇ ಇಲ್ಲ! ಮುಖ ಕಂಡಿದ್ದರೆ ತಾನೇ? ಅಂಗಡಿ ಬಿಟ್ಟು ಒಂದು ಪಂದ್ಯಕ್ಕೂ ಹೋದವನಲ್ಲ ಅವನು.

"ಅಪ್ಪಾ," ಎಂದ ಅಣ್ಣ.

"ಇರು, ಕೈಲಿ ಕೆಲಸ ಇದೆ."

ಅಪ್ಪ ಕತ್ತಿ ಒರೆಸಲು ಕೈ ತೆಗೆದಾಗ ಕುರ್ಚಿಯಲ್ಲಿದ್ದವನು ಬಾಯಿ ಬಿಟ್ಟ. "ಯಜಮಾನ್ರೇ, ಆ ಆರನೇ ನಂಬರ್ ನಾನೇ. ಅವನನ್ನ ಒಂದು ಸಲ ನೋಡಿ ಹೋಗೋಣ ಅಂತ ಬಂದೆ. ಮೆಟ್ಟಿಲು ಹತ್ತೋ ಧೈರ್ಯ ಬರಲಿಲ್ಲ. ನೀವು ಬಾಪ್ಪಾ ಅಂತ ಕರೆದ್ರಿ, ಕೂತ್ಕೊಂಡೆ."

ಅಪ್ಪನ ಕೈಯಲ್ಲಿ ಕತ್ತಿ ಹಾಗೇ ನಿಂತಿತು. ಅಪ್ಪ ನಿಧಾನಕ್ಕೆ ಕತ್ತಿ ಮಡಿಸಿ, ಕನ್ನಡಿಯ ಕೆಳಗೆ ಇಟ್ಟ. ಇಟ್ಟಮೇಲೆ ಅದನ್ನು ಇನ್ನಷ್ಟು ದೂರಕ್ಕೆ ತಳ್ಳಿದ.

"ಎದ್ದೇಳು," ಎಂದ. "ಮೇಲೆ ನಡಿ. ಅವನ ಮುಖ ನೋಡಿ ಮಾತಾಡು."

ಮೂವರೂ ಮೆಟ್ಟಿಲು ಹತ್ತಿದರು. ಮುಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಹುಡುಗ, ಅವನ ಬೆನ್ನಿಗೆ ಅಪ್ಪ, ಕೊನೆಯಲ್ಲಿ ಅಣ್ಣ. ಬೇರೆ ದಿನವಾಗಿದ್ದರೆ ಆ ನೊರೆಯ ಮುಖ ನೋಡಿ ತಮ್ಮ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ.

"ನೀನೇ ಹೇಳೋ ಮರಿ," ಎಂದ ಅಪ್ಪ. "ಇವನೇನಾ ನಿನ್ನ ಬೀಳಿಸಿದ್ದು?"

ತಮ್ಮ ಆ ಹುಡುಗನನ್ನು ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೌದಪ್ಪಾ. ಇವನೇ. ಮೊಣಕೈ ಹಾಕಿ ತಳ್ಳಿದ." ಅಷ್ಟು ಹೇಳಿ ಕಣ್ಣು ಮುಚ್ಚಿದ. ಕಣ್ಣಂಚಿನಲ್ಲಿ ಒಂದು ಹನಿ ಬಂದು ನಿಂತಿತು.

ಅಣ್ಣನಿಗೆ ಆ ಹನಿಯ ಪರಿಚಯ ಚೆನ್ನಾಗಿತ್ತು. ರೆಫರಿಗಳಿಗೆಂದು ತಮ್ಮ ಇಟ್ಟುಕೊಂಡಿದ್ದ ಹನಿ ಅದು. ಹಾಸಿಗೆ ಹಿಡಿದವನು ತನಗಾಗಿ ಇನ್ನೊಂದು ಸಲ ಬಿದ್ದ ಎಂದು ಅವನಿಗೆ ಅರ್ಥವಾಯಿತು.

ಆರನೇ ನಂಬರಿನವನು ಇಲ್ಲ ಎನ್ನಲಿಲ್ಲ. ಅದೇ ನೋಡಿ ತಡೆಯಲಾಗದ ಸಂಗತಿ. "ಇರಬಹುದು," ಎಂದ ಅವನು, ತಲೆ ತಗ್ಗಿಸಿ. "ಮೊದಮೊದಲು ಮುಟ್ಟಿಲ್ಲ ಅಂತಲೇ ಅಂದ್ಕೊಂಡಿದ್ದೆ. ಎಲ್ಲರೂ ಹೇಳಿ ಹೇಳಿ, ಈಗ ನಂಗೇ ಮೊಣಕೈ ತಾಗಿದ ಹಾಗೆ ನೆನಪಾಗುತ್ತೆ. ರಾತ್ರಿ ಕಣ್ಣು ಮುಚ್ಚಿದರೆ ಅದೇ ತಾಗುತ್ತೆ. ತಪ್ಪಾಯ್ತು. ನನ್ನಿಂದಲೇ ಆಗಿದ್ದು." ನೊರೆ ಕರಗಿ ಅವನ ಅಂಗಿಯ ಮೇಲೆ ಸುರಿಯುತ್ತಿತ್ತು.

"ಅವನು ಮುಟ್ಟಿಲ್ಲ," ಎಂದ ಅಣ್ಣ.

ಮೂವರೂ ತಿರುಗಿ ನೋಡಿದರು. "ಸುಮ್ನಿರೋ," ಎಂದ ತಮ್ಮ ಕಣ್ಣು ಬಿಟ್ಟು.

"ಅವನು ಮುಟ್ಟಿಲ್ಲ ಅಪ್ಪ. ಇವನು ತಾನಾಗೇ ಬಿದ್ದ, ದಿನಾ ಬೀಳ್ತಿದ್ದ ಹಾಗೆ. ಬಿದ್ದಾಗ ಕಾಲು ಆಡ್ತಿತ್ತು. ಎಳೆದಿದ್ದು ನಾನು. ಎಳೆದ ಮೇಲೆ ಕಾಲು ನಿಂತೋಯ್ತು."

"ಸುಮ್ನಿರೋ ಅಣ್ಣ!"

"ಬೇಡ ಅಂತ ಅಂದ ಅಪ್ಪ ಇವನು. ಎತ್ತಬೇಡ ಅಂದ."

ಅಪ್ಪ ಮಂಚದ ಅಂಚು ಹಿಡಿದುಕೊಂಡ. "ನಿಂಗೆ ಕೇಳಿಸ್ತಾ?"

"ಕೇಳಿಸ್ತು."

"ಕೇಳಿಸಿದ್ರೂ ಎಳೆದ್ಯಾ?"

"ನಾಟಕ ಅಂದ್ಕೊಂಡೆ."

ಅಪ್ಪ ಹೊಡೆಯುತ್ತಾನೆ ಎಂದು ಅಣ್ಣ ಕಾದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪ ಅವನ ಕಡೆ ನೋಡಲೇ ಇಲ್ಲ. ಆರನೇ ನಂಬರಿನವನ ಹೆಗಲು ಮುಟ್ಟಿ, "ಬಾಪ್ಪಾ, ಅರ್ಧ ಮುಖ ಹಾಗೇ ಉಳಿದಿದೆ," ಎಂದ. ಅವನನ್ನು ಕರೆದುಕೊಂಡು ಕೆಳಗಿಳಿದು ಹೋದ. ಸ್ವಲ್ಪ ಹೊತ್ತಿಗೆ ಕುರ್ಚಿ ಕಿರ್ರೆಂದದ್ದು, ಬ್ರಷ್ಷು ಬಟ್ಟಲಲ್ಲಿ ತಿರುಗಿದ್ದು ಮೇಲಕ್ಕೆ ಕೇಳಿಸಿತು. ಅಂದು ಅಪ್ಪ ಗಿರಾಕಿಯ ಜತೆ ಒಂದು ಮಾತನ್ನೂ ಆಡಲಿಲ್ಲ.

ಮೇಲೆ ಇಬ್ಬರೇ ಉಳಿದರು. ತಮ್ಮ ಸೂರು ನೋಡುತ್ತಿದ್ದ.

"ಯಾಕೋ ಸುಳ್ಳು ಹೇಳ್ದೆ?" ಎಂದ ಅಣ್ಣ. "ಪಾಪ ಅವನೇನು ಮಾಡಿದ್ದ?"

"ಅವನು ಯಾರೋ. ನೀನು ನಮ್ಮನೆಯೋನು. ಅಪ್ಪಂಗೆ ನೀನೊಬ್ಬನಾದ್ರೂ ಉಳೀಲಿ ಅಂತ." ತಮ್ಮನ ದನಿಯಲ್ಲಿ ತಮಾಷೆ ಇರಲಿಲ್ಲ. "ಈಗ ಮನೇಲಿ ಇಬ್ಬರು ಬಿದ್ದಂಗಾಯ್ತು. ಎತ್ತೋರು ಯಾರು?"

ಅಣ್ಣ ನೆಲ ನೋಡಿದ. ತಮ್ಮ ಇನ್ನೂ ಏನೋ ಹೇಳಬೇಕೆಂದು ತುಟಿ ಒದ್ದೆ ಮಾಡಿಕೊಂಡ.

"ನಿಂಗೆ ಕೇಳಿಸಿಲ್ಲ ಅಂದ್ಕೊಂಡಿದ್ದೆ ಕಣೋ," ಎಂದ ಮೆಲ್ಲಗೆ. "ಅಷ್ಟು ಗಲಾಟೆ ಇತ್ತಲ್ಲ. ಪಾಪ ಅಣ್ಣಂಗೆ ಕೇಳಿಸಿಲ್ಲ, ಕೇಳಿಸಿದ್ರೆ ಎಳೀತಿರಲಿಲ್ಲ ಅಂತ. ದಿನಾ ಅದನ್ನೇ ಅಂದ್ಕೊಂಡು ಮಲಗಿರ್ತಿದ್ದೆ."

ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಹೇಳಿದ ಮಹಾನುಭಾವ ಯಾರೋ, ಅವನನ್ನು ಆ ಕೋಣೆಯಲ್ಲಿ ತಂದು ನಿಲ್ಲಿಸಬೇಕಿತ್ತು.

ಅಪ್ಪ ಸಮಿತಿಯವರ ಹತ್ತಿರ ಹೋಗಿ ಆ ಹುಡುಗನ ತಪ್ಪಿಲ್ಲ ಎಂದು ಹೇಳಿ ಬಂದ. ಅವರು ಬರೆದುಕೊಂಡರು. ಹುಡುಗ ಮತ್ತೆ ಚೆಂಡು ಮುಟ್ಟಲಿಲ್ಲವಂತೆ. ಅಂಗಡಿಯಲ್ಲಿ ಪಂದ್ಯದ ಮಾತು ನಿಂತಿತು. ಅಪ್ಪ ಅಣ್ಣನಿಗೆ ಬೈಯಲಿಲ್ಲ, ಊಟ ಬಡಿಸುವುದನ್ನು ಬಿಡಲಿಲ್ಲ. ಆದರೆ ತಮ್ಮನನ್ನು ಮುಟ್ಟಲು ಮಾತ್ರ ಬಿಡಲಿಲ್ಲ. ತಲೆಯೂ ತಾನೇ, ಸೊಂಟವೂ ತಾನೇ. ಒಂದು ತೋಳಲ್ಲಿ ಕತ್ತು, ಇನ್ನೊಂದರಲ್ಲಿ ಮೈ, ಹಲ್ಲು ಕಚ್ಚಿ ಒಬ್ಬನೇ ಮಗ್ಗುಲು ಬದಲಿಸುತ್ತಿದ್ದ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಎಷ್ಟು ದಿನ ಹೀಗೆ ನಡೆದೀತು? ಅಪ್ಪನಿಗೂ ವಯಸ್ಸಾಗಿತ್ತು. ಒಂದು ಬೆಳಿಗ್ಗೆ ತಮ್ಮನನ್ನು ಅರ್ಧ ಹೊರಳಿಸಿದವನು ಸೊಂಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. ಮುಂದಕ್ಕೂ ಆಗದು, ಹಿಂದಕ್ಕೂ ಆಗದು. ಮುಖವೆಲ್ಲ ಬೆವರು.

"ಬಾ," ಎಂದ, ಅಣ್ಣನ ಕಡೆ ನೋಡದೆ. "ತಲೆ ಹಿಡ್ಕೋ. ಕತ್ತಿನ ಕೆಳಗೆ ಅಂಗೈ ಕೊಡು. ಹಾಗಲ್ಲ, ಹೀಗೆ. ಕೈ ನಡುಗಿಸಬೇಡ."

ಅಣ್ಣ ಮಂಡಿಯೂರಿ ತಮ್ಮನ ಕತ್ತಿನ ಕೆಳಗೆ ಎರಡೂ ಕೈ ಕೊಟ್ಟ. ಬೆಚ್ಚಗಿತ್ತು, ಎಣಿಸಿದ್ದಕ್ಕಿಂತ ಹಗುರಾಗಿತ್ತು. ಉಸಿರು ಬಿಗಿಹಿಡಿದು ಎತ್ತಲು ಹೊರಟ.

"ಬೇಡ," ಎಂದ ತಮ್ಮ.

ಅಣ್ಣ ನಿಂತ. ಕೈ ಅಲ್ಲೇ, ಉಸಿರು ಅಲ್ಲೇ. ಅಪ್ಪ ಕಣ್ಣು ಮುಚ್ಚಿಕೊಂಡ. ತಮ್ಮನ ಮುಖ ಅಣ್ಣನ ಮುಖದ ಕೆಳಗೇ ತಲೆಕೆಳಗಾಗಿ ಇತ್ತು. ಕಣ್ಣಂಚಿನಲ್ಲಿ ಒಂದು ಹನಿ. ನಿಜವಾದ ನೋವೋ, ತಮಾಷೆಯೋ, ಸೇಡೋ, ಆ ಮುಖ ನೋಡಿ ಯಾರು ಹೇಳಬಲ್ಲರು?

"ಹ್ಞೂಂ, ಈಗ ಎತ್ತು," ಎಂದ ತಮ್ಮ ಸ್ವಲ್ಪ ಹೊತ್ತಿನ ಮೇಲೆ.

ಅಂದಿನಿಂದ ಪ್ರತಿಸಲ ಮಗ್ಗುಲು ಬದಲಿಸುವಾಗಲೂ ತಮ್ಮ ಬೇಡ ಎನ್ನುತ್ತಾನೆ. ಅಣ್ಣ ಪ್ರತಿಸಲವೂ ನಿಲ್ಲುತ್ತಾನೆ. ಎಷ್ಟು ಹೊತ್ತಾದರೂ ಸರಿ, ತೋಳು ಸೋತು ಕಳಚುವ ಹಾಗಾದರೂ ಸರಿ, ತಮ್ಮ ಹ್ಞೂಂ ಎನ್ನುವವರೆಗೆ ಆ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಕಾಯುತ್ತಾನೆ.